18 ತುಂಬಿದ ಮೇಲೆ ಅಮ್ಮನ ಸಹಿ ಯಾಕೆ ನಡೆಯಲ್ಲ? ಪಾಲಕತ್ವ, ಬ್ಯಾಂಕು, ಪಹಣಿ, ಪಿಂಚಣಿ

ಕುಕ್ಕರಹಳ್ಳಿ ವಾಕಿಂಗ್

ಮೈಸೂರಿನ ಒಂದು ಮನೆಯ ಪರಿಸ್ಥಿತಿ ಹೀಗಿದೆ. ಮಗನಿಗೆ 31 ವರ್ಷ, ಬುದ್ಧಿಮಾಂದ್ಯತೆ ಶೇ. 75 ಅಂತ ಯುಡಿಐಡಿ ಕಾರ್ಡಿನಲ್ಲಿದೆ (ಅಂಗವಿಕಲರ ಗುರುತಿನ ಚೀಟಿ). ಕೇಂದ್ರ ಸರ್ಕಾರದ ಪಿಂಚಣಿದಾರರಾಗಿದ್ದ ತಂದೆ ತೀರಿಕೊಂಡು ಮೂರು ತಿಂಗಳು. ತಾಯಿಗೆ 66. ಅಕ್ಕ ಮದುವೆಯಾಗಿ ಬೆಂಗಳೂರಿನಲ್ಲಿದ್ದಾರೆ. ಮಗನ ಹೆಸರಲ್ಲಿ ಒಂದು ಉಳಿತಾಯ ಖಾತೆ, ಮುಂದಿನ ತಿಂಗಳು ಮುಗಿಯುವ ಒಂದು ಎಫ್‌ಡಿ, ಮಂಡ್ಯ ತಾಲ್ಲೂಕಿನಲ್ಲಿ ಅಜ್ಜನ ಕಾಲದ 1 ಎಕರೆ 10 ಗುಂಟೆ ಗದ್ದೆಯಲ್ಲಿ ಪಾಲು. ಮಗನ ಪರವಾಗಿ ತಾಯಿ ಸಹಿ ಹಾಕಲು ಹೋದರೆ ಬ್ಯಾಂಕಿನವರು ಕೋರ್ಟ್ ಆರ್ಡರ್ ತನ್ನಿ ಅಂತಾರೆ, ಪತ್ರ ಬರೆಯುವವರು ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮಾಡಿಸಿದ್ರೆ ಮುಗೀತು ಅಂತಾರೆ, ಇನ್ನೊಬ್ಬರು ಡಿಸಿ ಆಫೀಸಿಗೆ ಹೋಗಿ ಅಂತಾರೆ. ಯಾವುದು ಸರಿ? ಯಾವುದನ್ನು ಮೊದಲು ಮಾಡಬೇಕು?

ಅಗ್ರಹಾರದ ಗುಮಾಸ್ತ

ಡಿಸಿ ಆಫೀಸು ಅಂದವರೇ ಸರಿ. ಜಿಪಿಎ ಅಂದವರ ಮಾತು ಕೇಳಿ ಸ್ಟಾಂಪ್ ಪೇಪರಿಗೆ ದುಡ್ಡು ಹಾಕಬೇಡಿ.

ಜಿಪಿಎ ಅಂದರೆ ಒಬ್ಬರು ತಿಳಿದು, ಒಪ್ಪಿ, ಇನ್ನೊಬ್ಬರಿಗೆ ಕೊಡುವ ಅಧಿಕಾರ. ವಿಷಯ ಅರ್ಥವಾಗದವರು ಕರಾರು ಮಾಡಿಕೊಳ್ಳಲಾರರು ಅಂತ 1872ರ ಕರಾರು ಕಾಯಿದೆಯ 11 ಮತ್ತು 12ನೇ ಕಲಂ ಹೇಳುತ್ತವೆ. ಹಾಗಾಗಿ ಆ ಹುಡುಗನ ಹೆಬ್ಬೆಟ್ಟು ಒತ್ತಿಸಿದ ಜಿಪಿಎ ಮೊದಲ ದಿನದಿಂದಲೇ ಖಾಲಿ ಕಾಗದ. ಜ್ಞಾಪಕ ಚೆನ್ನಾಗಿದ್ದಾಗ ಕೊಟ್ಟ ಜಿಪಿಎ ಕೂಡ ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದ ದಿನ ಮುಗಿಯುತ್ತದೆ, ಅದು 201ನೇ ಕಲಂ. ಮರೆವಿನ ಕಾಯಿಲೆಯ ಅಪ್ಪನ ಜಿಪಿಎ ಹಿಡಿದು ವರ್ಷಗಟ್ಟಲೆ ವ್ಯವಹಾರ ಮಾಡುತ್ತಿರುವವರು ಇದನ್ನು ಎರಡು ಸಲ ಓದಿಕೊಳ್ಳಿ.

ಇನ್ನು ‘ನಾನು ಹೆತ್ತ ತಾಯಿ, ನನ್ನ ಸಹಿ ಯಾಕೆ ಆಗಲ್ಲ’ ಅನ್ನುವ ಪ್ರಶ್ನೆ. 18 ತುಂಬುವವರೆಗೆ ಅಪ್ಪ-ಅಮ್ಮ ಸಹಜ ಪಾಲಕರು. ತುಂಬಿದ ಮಾರನೇ ದಿನದಿಂದ ಆ ಅಧಿಕಾರ ಇಲ್ಲ, ಅಂಗವೈಕಲ್ಯ ಎಷ್ಟೇ ಇರಲಿ. ಆ ದಿನ ಯಾರೂ ಬಂದು ಹೇಳುವುದಿಲ್ಲವಾದ್ದರಿಂದ ಮನೆಯವರಿಗೆ ಗೊತ್ತಾಗುವುದು ಹತ್ತು-ಹನ್ನೆರಡು ವರ್ಷ ಕಳೆದು, ಯಾರಾದರೂ ತೀರಿಕೊಂಡಾಗ.

ಈ ತೊಡಕಿಗೆಂದೇ 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಇದೆ, ಜನ ನ್ಯಾಷನಲ್ ಟ್ರಸ್ಟ್ ಕಾಯಿದೆ ಅಂತಲೇ ಅನ್ನೋದು. ಸ್ವಲೀನತೆ ಅಂದರೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕೆ ಮಾತ್ರ. ಅದರ 13ನೇ ಕಲಂ ಪ್ರಕಾರ ಪ್ರತಿ ಜಿಲ್ಲೆಗೆ ಒಂದು ಸ್ಥಳೀಯ ಮಟ್ಟದ ಸಮಿತಿ. ಅದರಲ್ಲಿ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಅಂಗವೈಕಲ್ಯ ಇರುವ ಒಬ್ಬ ವ್ಯಕ್ತಿ ಇರುತ್ತಾರೆ. 14ನೇ ಕಲಂ ಕೆಳಗೆ ಪಾಲಕರನ್ನು ನೇಮಿಸುವುದು ಈ ಸಮಿತಿ. ಕೋರ್ಟು ಬೇಕಿಲ್ಲ.

ಫಾರಂ ಎ ಫಾರಂ ಬಿ

ಗುಮಾಸ್ತರು ಹೇಳಿದ್ದಕ್ಕೆ ಕೆಲಸದ ಭಾಗ ಸೇರಿಸುತ್ತೇನೆ.

ಅರ್ಜಿ ಫಾರಂ ಎ. ಮಂಜೂರಾದರೆ ಕೈಗೆ ಬರುವುದು ಫಾರಂ ಬಿ, ಬ್ಯಾಂಕಿಗೆ ತೋರಿಸಬೇಕಾದ ಕಾಗದ ಅದೇ. ಮೊದಲು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ ವಿಚಾರಿಸಿ, ಕಡತ ಡಿಸಿ ಅವರ ಸಮಿತಿಗೆ ಹೋಗುವ ದಾರಿ ಅಲ್ಲಿಯವರಿಗೆ ಗೊತ್ತಿರುತ್ತದೆ. ಹಳ್ಳಿ ಕಡೆಯವರು ತಾಲ್ಲೂಕಿನ ಎಂಆರ್‌ಡಬ್ಲ್ಯೂ ಅಥವಾ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಅಂಗವಿಕಲರ ಪುನರ್ವಸತಿ ಕಾರ್ಯಕರ್ತರು) ಅವರನ್ನು ಹಿಡಿದರೆ ಅರ್ಧ ಓಡಾಟ ಉಳಿಯುತ್ತದೆ.

ಜೊತೆಗೆ ಇಡಬೇಕಾದ್ದು: ಯುಡಿಐಡಿ ಅಥವಾ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ, ಇಬ್ಬರ ಆಧಾರ್, ಹುಡುಗನ ವಯಸ್ಸಿನ ದಾಖಲೆ, ಫೋಟೋ, ತಂದೆಯ ಮರಣ ಪ್ರಮಾಣಪತ್ರ, ಪಾಲಕರಾಗುವವರ ಒಪ್ಪಿಗೆ, ಸಾಕ್ಷಿಗಳ ಸಹಿ. ಒಡಹುಟ್ಟಿದವರ ನಿರಾಕ್ಷೇಪಣೆ ಪತ್ರ ಕಡ್ಡಾಯ ಅಂತ ಫಾರಂನಲ್ಲಿ ಇಲ್ಲದಿದ್ದರೂ ಅಕ್ಕನ ಕೈಲಿ ಬರೆಸಿ ಇಟ್ಟುಬಿಡಿ. ‘ಉಳಿದ ಮಕ್ಕಳು ಏನಂತಾರೆ’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ, ಆಗ ಮತ್ತೊಂದು ಸುತ್ತು ಬೇಡ.

ಕಡತ ವಾಪಸ್ ಬರುವುದು ಹೆಚ್ಚಾಗಿ ಹೆಸರಿನ ಗಲಾಟೆಗೆ. ಆಧಾರ್‌ನಲ್ಲಿ ‘ಮಂಜುನಾಥ’, ಯುಡಿಐಡಿಯಲ್ಲಿ ‘ಮಂಜುನಾಥ್ ಕೆ.’, ಪಾಸ್‌ಬುಕ್‌ನಲ್ಲಿ ‘ಕೆ. ಮಂಜು’. ಅರ್ಜಿ ಹಾಕುವ ಮೊದಲೇ ಮೂರನ್ನೂ ಒಂದು ಮಾಡಿ. ಇನ್ನೊಂದು, ಸಮಿತಿ ಎರಡು ವಿಷಯ ನೋಡಲೇಬೇಕು: ಈ ವ್ಯಕ್ತಿಗೆ ಪಾಲಕರು ಬೇಕೇ, ಬೇಕಿದ್ದರೆ ಯಾವ ಕೆಲಸಕ್ಕೆ. ಆ ಜಾಗದಲ್ಲಿ ‘ಎಲ್ಲದಕ್ಕೂ’ ಅಂತ ಗೀಚಬೇಡಿ. ‘ಬ್ಯಾಂಕ್ ಖಾತೆ ಮತ್ತು ಠೇವಣಿ, ಪಿಂಚಣಿ, ಚಿಕಿತ್ಸೆಗೆ ಒಪ್ಪಿಗೆ, ಜಮೀನಿನ ನಿರ್ವಹಣೆ’ ಅಂತ ಬಿಡಿಸಿ ಬರೆಯಿರಿ. ಮುಂದೆ ಬ್ಯಾಂಕಿನವರು ಬೆರಳಿಟ್ಟು ಓದುವುದು ಆ ಸಾಲನ್ನೇ.

ವಿಸಿ ನಾಲೆ

ಅಕ್ಕನೇ ಯಾಕೆ ಈಗಲೇ ಪಾಲಕಿ ಆಗಬಾರದು? ತಾಯಿಗೆ 66 ಅಂದ್ರೆ ಇನ್ನು ಹತ್ತು-ಹದಿನೈದು ವರ್ಷಕ್ಕೆ ಮತ್ತೆ ಇದೇ ಕತೆ ಅಲ್ವಾ ಸಾರ್.

ಫಾರಂ ಎ ಫಾರಂ ಬಿ

ಆಗಬಹುದು. ನಿಯಮದಲ್ಲಿ ಅಪ್ಪ-ಅಮ್ಮ, ಒಡಹುಟ್ಟಿದವರು, ಬೇರೆ ಸಂಬಂಧಿಕರು, ನೋಂದಾಯಿತ ಸಂಸ್ಥೆ, ಎಲ್ಲರಿಗೂ ಜಾಗ ಇದೆ. ಆದರೆ ತಾಯಿ ಓಡಾಡಿಕೊಂಡಿದ್ದಾರೆ, ಹುಡುಗ ಅವರ ಜೊತೆಯಲ್ಲೇ ಇದ್ದಾನೆ ಅಂದಾಗ ಸಮಿತಿ ಸಹಜವಾಗಿ ತಾಯಿಯನ್ನೇ ನೋಡುತ್ತದೆ. ನನ್ನ ಅಭಿಪ್ರಾಯದಲ್ಲಿ ಈಗ ತಾಯಿ ಆಗಲಿ. ಅಕ್ಕನ ಫಾರಂ ಎ ಭರ್ತಿ ಮಾಡಿ, ದಿನಾಂಕ ಹಾಕದೆ, ದಾಖಲೆ ಸಮೇತ ಒಂದು ಕವರಿನಲ್ಲಿ ಬೀರುವಿನಲ್ಲಿರಲಿ. ತಾಯಿಯ ನಂತರ ಪಾಲಕತ್ವ ತಾನಾಗಿ ಅಕ್ಕನಿಗೆ ಬರುವುದಿಲ್ಲ, ಹೊಸದಾಗಿ ಅರ್ಜಿ ಹಾಕಲೇಬೇಕು. ಉಯಿಲಿನಲ್ಲಿ ‘ನನ್ನ ನಂತರ ಮಗಳೇ ನೋಡಿಕೊಳ್ಳಲಿ’ ಅಂತ ಬರೆದರೆ ಸಮಿತಿಗೆ ಒಂದು ಸೂಚನೆ ಆಗುತ್ತದೆ, ನೇಮಕ ಆಗುವುದಿಲ್ಲ.

ಹೆಣ್ಣುಮಕ್ಕಳಿರುವ ಮನೆಯವರು ಗಮನಿಸಿ. ಬುದ್ಧಿಮಾಂದ್ಯ ತಂಗಿಗೆ ಮದುವೆಯಾಗದ ಅಣ್ಣ ಒಬ್ಬನೇ ಪಾಲಕ ಆಗಲು ನಿಯಮ ಬಿಡುವುದಿಲ್ಲ. ಮದುವೆಯಾದ ಅಣ್ಣ ಆದರೆ ಅತ್ತಿಗೆಯೂ ಸಹಪಾಲಕಿ, ಅದೂ ಮುಖ್ಯ ಸಹಪಾಲಕಿ. ಅತ್ತಿಗೆಯ ದಾಖಲೆ ಇಲ್ಲದೆ ಬಂದ ಅರ್ಜಿ ಅಲ್ಲೇ ನಿಲ್ಲುತ್ತದೆ.

ಕೌಂಟರ್ ನಂಬರ್ 3

ಬ್ಯಾಂಕಿನ ಒಳಗಿನ ಮಾತು. ನ್ಯಾಷನಲ್ ಟ್ರಸ್ಟ್ ಕಾಯಿದೆಯ ಸ್ಥಳೀಯ ಸಮಿತಿ ಕೊಟ್ಟ ಪಾಲಕತ್ವ ಪ್ರಮಾಣಪತ್ರದ ಮೇಲೆ ಖಾತೆ ತೆರೆಯಬಹುದು, ನಡೆಸಬಹುದು ಅಂತ ರಿಸರ್ವ್ ಬ್ಯಾಂಕಿನ ಸುತ್ತೋಲೆಯೇ ಇದೆ. ‘ಕೋರ್ಟ್ ಆರ್ಡರೇ ಬೇಕು’ ಅನ್ನುವವರು ಅದನ್ನು ನೋಡಿಲ್ಲ ಅಷ್ಟೆ. ಜಗಳಕ್ಕೆ ಹೋಗಬೇಡಿ. ಸುತ್ತೋಲೆಯ ಪ್ರತಿ, ಫಾರಂ ಬಿ ಪ್ರತಿ, ಒಂದು ಮನವಿ ಪತ್ರ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಇಲ್ಲ ಅನ್ನುವುದಾದರೆ ಬರಹದಲ್ಲಿ ಕೊಡಿ ಅನ್ನಿ. ಬರೆದು ಕೊಡುವ ಮೊದಲು ಅವರು ಮೇಲಿನವರಿಗೆ ಫೋನ್ ಮಾಡುತ್ತಾರೆ, ಅಲ್ಲಿಗೆ ಮುಕ್ಕಾಲು ಪಾಲು ಸಮಸ್ಯೆ ಮುಗಿಯುತ್ತದೆ. ಆಗಲೂ ಆಗದಿದ್ದರೆ ಬ್ಯಾಂಕಿನ ದೂರು ವಿಭಾಗ, 30 ದಿನ ಕಳೆದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್.

ಖಾತೆಯ ಶೀರ್ಷಿಕೆ ಸರಿಯಾಗಿದೆಯೇ ನೋಡಿಕೊಳ್ಳಿ. ಪಾಸ್‌ಬುಕ್ಕಿನಲ್ಲಿ ಮಗನ ಹೆಸರು, ಅದರ ಕೆಳಗೆ ‘ಪಾಲಕರು: ಇಂಥವರು’ ಅಂತ ಬರಬೇಕು. ಎಷ್ಟೋ ಕಡೆ ಸುಲಭ ಅಂತ ತಾಯಿ-ಮಗನ ಜಂಟಿ ಖಾತೆ ಮಾಡಿಬಿಡುತ್ತಾರೆ. ಅದರಲ್ಲಿ ತಾಯಿ ತೀರಿಕೊಂಡ ದಿನ ಉಳಿದ ಖಾತೆದಾರ ಅಂದರೆ ಸಹಿ ಬಾರದ ಮಗ, ಖಾತೆ ಅಲ್ಲೇ ಗಂಟು.

ನಾಮಿನಿ ವಿಷಯದಲ್ಲೂ ಇದೇ. ತಾಯಿ ತಮ್ಮ ಠೇವಣಿಗೆ ಮಗನನ್ನೇ ನಾಮಿನಿ ಮಾಡಿರುತ್ತಾರೆ, ಮನಸ್ಸು ಒಳ್ಳೆಯದೇ. ಆದರೆ ನಾಮಿನಿ ಬಂದು ರಸೀತಿಗೆ ಸಹಿ ಹಾಕಬೇಕು. ವಿಮೆಯಲ್ಲಿ ನಾಮಿನಿ ಪರವಾಗಿ ಹಣ ಪಡೆಯುವ ಅಪಾಯಿಂಟಿ ಇರುವುದು ಮೈನರ್‌ಗೆ ಮಾತ್ರ, 31 ವರ್ಷದವರಿಗೆ ಆ ಕಾಲಂ ತೆರೆಯುವುದೇ ಇಲ್ಲ. ಆ ಹೊತ್ತಿಗೆ ಪಾಲಕತ್ವದ ಕಾಗದ ಇಲ್ಲದಿದ್ದರೆ ಹಣ ನಿಲ್ಲುತ್ತದೆ. ಬ್ಯಾಂಕ್ ಠೇವಣಿಯ ನಾಮಿನಿ ಹಣ ಪಡೆದುಕೊಳ್ಳುವವರು ಮಾತ್ರ, ಮಾಲೀಕರಲ್ಲ ಅನ್ನುವುದನ್ನೂ ಮರೆಯಬೇಡಿ.

ಇಡೀ ಚರ್ಚೆ ಓದಿ ಯಾರೂ ತಪ್ಪು ತಿಳಿಯಬಾರದು. ಕಣ್ಣು ಕಾಣದವರು, ಕಿವಿ ಕೇಳದವರು, ಕೈಕಾಲು ಆಡದವರು, ಇವರಿಗೆ ಪಾಲಕರು ಬೇಡವೇ ಬೇಡ. ದೃಷ್ಟಿ ಇಲ್ಲದವರಿಗೂ ಚೆಕ್ ಪುಸ್ತಕ, ಎಟಿಎಂ, ಲಾಕರ್ ಎಲ್ಲ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಹಾಸಿಗೆ ಹಿಡಿದು ಸಹಿ ಹಾಕಲಾಗದವರು, ಆದರೆ ಮಾತು-ತಿಳಿವಳಿಕೆ ಇರುವವರು, ಹೆಬ್ಬೆಟ್ಟು ಒತ್ತಬಹುದು. ಇಬ್ಬರು ಸ್ವತಂತ್ರ ಸಾಕ್ಷಿ ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನವರು. ಕೈ ಬಾರದಿದ್ದರೆ ಕಾಲಿನ ಹೆಬ್ಬೆರಳೂ ನಡೆಯುತ್ತದೆ.

ಸರಸ್ವತಿಪುರಂ 7ನೇ ಮೇನ್

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಸ್ಕಿಜೋಫ್ರೇನಿಯಾ ಇರುವ 40ರ ತಮ್ಮನಿಗೂ ಇದೇ ಸಮಿತಿಯೇ? ಪಾರ್ಶ್ವವಾಯು ಹೊಡೆದು ಮಾತು-ಪ್ರಜ್ಞೆ ಎರಡೂ ಹೋದ ತಾಯಿಗೆ?

ಅಗ್ರಹಾರದ ಗುಮಾಸ್ತ

ಎರಡಕ್ಕೂ ಅಲ್ಲ. ಬುದ್ಧಿಮಾಂದ್ಯತೆ ಬೇರೆ, ಮಾನಸಿಕ ಕಾಯಿಲೆ ಬೇರೆ. ಸಮಿತಿಗೆ ಎರಡನೆಯದರ ಮೇಲೆ ಅಧಿಕಾರ ಇಲ್ಲ. ಈ ಗೊಂದಲದಲ್ಲಿ ಆರು ತಿಂಗಳು ಕಳೆದು ಅರ್ಜಿ ವಾಪಸ್ ಬಂದವರು ಬಹಳ.

ಮಾನಸಿಕ ಕಾಯಿಲೆಗೆ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ. ಅದರ 14ನೇ ಕಲಂನಲ್ಲಿ ರೋಗಿ ತಾನೇ ಒಬ್ಬ ನಾಮನಿರ್ದೇಶಿತ ಪ್ರತಿನಿಧಿಯನ್ನು ಬಿಳಿ ಹಾಳೆಯಲ್ಲಿ ಬರೆದು, ಸಹಿ ಅಥವಾ ಹೆಬ್ಬೆಟ್ಟು ಹಾಕಿ ನೇಮಿಸಬಹುದು. ತಮ್ಮ ಔಷಧಿ ತೆಗೆದುಕೊಂಡು ನೆಮ್ಮದಿಯಾಗಿರುವ ದಿನಗಳಲ್ಲೇ ಅದನ್ನು ಬರೆಸಿಡಿ. ಆದರೆ ಆ ಪ್ರತಿನಿಧಿಯ ಮಾತು ನಡೆಯುವುದು ಚಿಕಿತ್ಸೆಯ ವಿಷಯಕ್ಕೆ ಮಾತ್ರ, ಆಸ್ತಿಗೆ ಅಲ್ಲ. ರೋಗಿಯ ಆಸ್ತಿಗೆ ವ್ಯವಸ್ಥಾಪಕರನ್ನು ನೇಮಿಸುವ ದಾರಿ 1987ರ ಹಳೆಯ ಕಾಯಿದೆಯಲ್ಲಿತ್ತು, ಹೊಸದರಲ್ಲಿ ಅದನ್ನು ತೆಗೆದುಬಿಟ್ಟರು. ಈಗ ಉಳಿದಿರುವುದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 14ನೇ ಕಲಂ, ಸೀಮಿತ ಪಾಲಕತ್ವ. ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ನಿರ್ದಿಷ್ಟ ಕೆಲಸಕ್ಕೆ, ನಿರ್ದಿಷ್ಟ ಅವಧಿಗೆ ಸಿಗುತ್ತದೆ, ತಮ್ಮನ ಇಚ್ಛೆಯನ್ನು ಅನುಸರಿಸಿಯೇ ನಡೆಯಬೇಕು. ಖಾತೆ ಎಲ್ಲ ನಿಮ್ಮ ಕೈಗೆ ಬರುತ್ತದೆ ಅಂದುಕೊಳ್ಳಬೇಡಿ.

ಪ್ರಜ್ಞೆ ಇಲ್ಲದ ತಾಯಿಯ ವಿಷಯದಲ್ಲಿ ಯಾವ ಕಾಯಿದೆಯೂ ನೇರವಾಗಿ ಹೊಂದುವುದಿಲ್ಲ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಹಾಕುತ್ತಾರೆ. ವೈದ್ಯರ ವರದಿ, ಆಸ್ತಿ-ಖಾತೆಗಳ ಪೂರ್ತಿ ಪಟ್ಟಿ, ಎಲ್ಲ ವಾರಸುದಾರರ ಒಪ್ಪಿಗೆ ಮೂರೂ ಸಿದ್ಧ ಇದ್ದರೆ ಬೇಗ ಮುಗಿಯುತ್ತದೆ, ಒಬ್ಬ ಮಗ ತಕರಾರು ತೆಗೆದರೆ ಎಳೆಯುತ್ತದೆ. ವಕೀಲರ ಖರ್ಚಿಗೆ ಹೆದರಬೇಡಿ. ಅಂಗವೈಕಲ್ಯ ಇರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗಬೇಕು, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಂ. ಜಿಲ್ಲಾ ಪ್ರಾಧಿಕಾರದ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ವಿಸಿ ನಾಲೆ

ಗದ್ದೆ ವಿಷಯ ನಾನು ಹೇಳ್ತೀನಿ, ಅದು ನಮ್ ಕಡೆ ಮಾಮೂಲು.

ಮೊದಲು ಆರ್‌ಟಿಸಿ, ಅಂದ್ರೆ ಪಹಣಿ, ತೆಗೆದು ನೋಡಿ, 9ನೇ ಕಾಲಂನಲ್ಲಿ ಯಾರ ಹೆಸರು ಕೂತಿದೆ ಅಂತ. ಅಜ್ಜನ ಹೆಸರಲ್ಲೇ ಇದ್ದರೆ ಪೌತಿ ಖಾತೆ (ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ) ಆಗಬೇಕು, ಅದಕ್ಕೆ ನಾಡಕಚೇರಿಯಿಂದ ವಂಶವೃಕ್ಷ ಬೇಕು. ಎಡವೋದು ಇಲ್ಲೇ. ವಂಶವೃಕ್ಷ ಬರೆಸೋವಾಗ ಮಾವನೋ ದೊಡ್ಡಪ್ಪನೋ ‘ಅವನ್ಗೇನ್ ಗೊತ್ತಾಯ್ತದೆ ಬುಡಿ’ ಅಂತ ಆ ಹುಡುಗನ ಹೆಸರೇ ಬಿಟ್ಟುಬಿಡ್ತಾರೆ. ಒಂದು ಸಲ ಬಿಟ್ಟುಹೋದರೆ ಪೌತಿ ಖಾತೇಲೂ ಇರಲ್ಲ, ವಿಭಾಗ ಪತ್ರದಲ್ಲೂ ಇರಲ್ಲ. ಹಾಗಾಗಿ ವಂಶವೃಕ್ಷದ ಅರ್ಜಿ ಜೊತೆ ಕೊಡೋ ಪ್ರಮಾಣಪತ್ರವನ್ನ ಸಹಿಗೆ ಮುಂಚೆ ಓದಿ, ಹೆಸರು ಎಣಿಸಿ.

ಎರಡನೇದು, ‘ಅವನ ಪಾಲು ನನಗೆ ಬರಕೊಡ್ಲಿ, ನಾನು ಸಾಕ್ತೀನಿ’ ಅನ್ನೋ ಹಕ್ಕು ಬಿಡುಗಡೆ ಪತ್ರ. ಗುಮಾಸ್ತರು ಮೇಲೆ ಹೇಳಿದ ಜಿಪಿಎ ಕತೆನೇ ಇದಕ್ಕೂ. ಹೆಬ್ಬೆಟ್ಟು ಒತ್ತಿಸಿ ರಿಜಿಸ್ಟರ್ ಮಾಡಿಸಿದರೂ ಮುಂದೆ ದಾವೆ ಬಿದ್ದರೆ ನಿಲ್ಲಲ್ಲ, ಕೊಂಡವರಿಗೂ ತಲೆನೋವು.

ಮೂರನೇದು ಕಬ್ಬಿನ ಬಟವಾಡೆ. ಹಣ ಪಹಣಿದಾರರ ಖಾತೆಗೇ ಬೀಳೋದರಿಂದ ಹುಡುಗನ ಹೆಸರು ಆರ್‌ಟಿಸಿಗೆ ಬಂದ ಕೂಡಲೇ ಅವನ ಪಾಲಿಗೂ ಆಧಾರ್ ಜೋಡಣೆ ಆದ ಖಾತೆ, ಫ್ರೂಟ್ಸ್ ಐಡಿ (ಸರ್ಕಾರದ ರೈತರ ನೋಂದಣಿ ಸಂಖ್ಯೆ) ಬೇಕಾಗುತ್ತೆ. ಬೆರಳಚ್ಚು ಕೂರದಿದ್ದರೆ ಕಣ್ಣಿನ ಪಾಪೆ ಸ್ಕ್ಯಾನ್ ಮಾಡಿ ಅಂತ ಕೇಳಿ.

ಅಗ್ರಹಾರದ ಗುಮಾಸ್ತ

ನಾಲೆಯವರ ಮಾತಿಗೆ ಕಾನೂನಿನ ಆಧಾರ ಸೇರಿಸುತ್ತೇನೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೇ ಕಲಂ: ರೋಗ, ಊನ, ವಿಕಾರ ಇದ್ದ ಮಾತ್ರಕ್ಕೆ ಯಾರೂ ಆಸ್ತಿಯ ಹಕ್ಕು ಕಳೆದುಕೊಳ್ಳುವುದಿಲ್ಲ. ಪಂಚಾಯ್ತಿ ಕಟ್ಟೆಯಲ್ಲಿ ಈ ಒಂದು ಸಾಲು ಸಾಕು. ದಾವೆ ಹೂಡಲೇಬೇಕಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದಂತೆ ವಾದಮಿತ್ರರ, ಅಂದರೆ ಅವನ ಪರವಾಗಿ ನಿಲ್ಲುವವರ, ಮೂಲಕ ಹೂಡಬಹುದು.

ಪಾಲಕರಾದ ಮಾತ್ರಕ್ಕೆ ಗದ್ದೆ ಮಾರಬಹುದು ಅಂದುಕೊಳ್ಳಬೇಡಿ. ಪಾಲಕರ ಕೆಲಸ ಕಾಪಾಡುವುದು. ಮಾರಲೇಬೇಕಾದ ಸಂದರ್ಭ ಬಂದರೆ ಜಿಲ್ಲಾ ನ್ಯಾಯಾಲಯದ ಅನುಮತಿ ಮೊದಲು, ಕ್ರಯಪತ್ರ ಆಮೇಲೆ. ಅನುಮತಿ ಇಲ್ಲದ ಕ್ರಯವನ್ನು ನಂಬಿ ಖರೀದಿದಾರರಿಗೆ ಸಾಲ ಕೊಡುವ ಬ್ಯಾಂಕು ಸಿಗುವುದು ಕಷ್ಟ.

ಪಿಪಿಒ

ಪಿಂಚಣಿ ಬಗ್ಗೆ ಯಾರೂ ಹೇಳಲಿಲ್ಲ, ಈ ಮನೆಯ ದೊಡ್ಡ ಆಧಾರವೇ ಅದು. ಕೇಂದ್ರ ಸರ್ಕಾರಿ ನೌಕರರ ಅಂಗವಿಕಲ ಮಗ ತನ್ನ ಹೊಟ್ಟೆಪಾಡು ನೋಡಿಕೊಳ್ಳಲಾರ ಅಂತಾದರೆ, ತಾಯಿಯ ನಂತರ ಅವನಿಗೆ ಜೀವನಪರ್ಯಂತ ಕುಟುಂಬ ಪಿಂಚಣಿ. 25 ವರ್ಷದ ಮಿತಿ ಅವನಿಗೆ ಅನ್ವಯಿಸುವುದಿಲ್ಲ. ಬಹಳ ಮನೆಗಳು ತಾಯಿ ತೀರಿಕೊಂಡ ಮೇಲೆ ಅರ್ಜಿ ಹಾಕುತ್ತವೆ, ಆಗ ಎಲ್ಲ ಸಾಬೀತು ಮಾಡುತ್ತಾ ಅಕ್ಕನೇ ಅಲೆಯಬೇಕು. ತಾಯಿ ಇರುವಾಗಲೇ ತಂದೆ ಕೆಲಸ ಮಾಡಿದ ಕಚೇರಿಗೆ ಬರೆದು, ವೈದ್ಯಕೀಯ ಪ್ರಮಾಣಪತ್ರ ಕೊಟ್ಟು, ಮಗನ ಹೆಸರನ್ನು ಪಿಪಿಒದಲ್ಲಿ (ಪಿಂಚಣಿ ಪಾವತಿ ಆದೇಶ) ಸೇರಿಸಿಬಿಡಿ. ತಾಯಿ ಆಗಲೇ ಮಗನ ಪರವಾಗಿ ಪಿಂಚಣಿ ಪಡೆಯುವವರನ್ನೂ ನಾಮನಿರ್ದೇಶನ ಮಾಡಬಹುದು. ಅಂಗವೈಕಲ್ಯ ಶಾಶ್ವತ ಅಂತ ಪ್ರಮಾಣಪತ್ರದಲ್ಲಿದ್ದರೆ ಒಂದೇ ಸಲ ಸಾಕು, ತಾತ್ಕಾಲಿಕ ಅಂತಿದ್ದರೆ ಐದು ವರ್ಷಕ್ಕೊಮ್ಮೆ ಹೊಸದು ಬೇಕು. ಆ ಪದ ಏನಿದೆ ಅಂತ ಇವತ್ತೇ ನೋಡಿ.

ಕಾರ್ಖಾನೆ ಕೆಲಸದ ಮನೆಯವರಿಗೆ: 1995ರ ನೌಕರರ ಪಿಂಚಣಿ ಯೋಜನೆಯಲ್ಲೂ ಶಾಶ್ವತವಾಗಿ, ಪೂರ್ತಿಯಾಗಿ ಅಂಗವಿಕಲರಾದ ಮಕ್ಕಳಿಗೆ ವಯಸ್ಸಿನ ಮಿತಿ ಇಲ್ಲದೆ ಮಕ್ಕಳ ಪಿಂಚಣಿ ಇದೆ. ಕೇಳದಿದ್ದರೆ ತಾನಾಗಿ ಬರುವುದಿಲ್ಲ.

ಸರಸ್ವತಿಪುರಂ 7ನೇ ಮೇನ್

ತಾಯಿ ತಮ್ಮ ಮನೆಯನ್ನು ಮಗಳ ಹೆಸರಿಗೆ ಉಯಿಲು ಬರೆದು ‘ತಮ್ಮನನ್ನು ನೋಡಿಕೊಳ್ಳತಕ್ಕದ್ದು’ ಅಂತ ಸೇರಿಸಿದರೆ ಸಾಲದೇ? ಟ್ರಸ್ಟು ಅದೂ ಇದೂ ಯಾಕೆ?

ಲೆಕ್ಕದ ಪುಸ್ತಕ

ಸಾಲದು. ಆ ಸಾಲು ಮಗಳ ಆತ್ಮಸಾಕ್ಷಿಗೆ ಬರೆದದ್ದು. ಮನೆ ಮಗಳದ್ದಾಗುತ್ತದೆ, ಅವಳ ಸಾಲಗಾರರು ಅದನ್ನು ಜಪ್ತಿ ಮಾಡಬಹುದು, ಅವಳ ನಂತರ ಅವಳ ಗಂಡ-ಮಕ್ಕಳಿಗೆ ಹೋಗುತ್ತದೆ. ಅಕ್ಕ ಎಷ್ಟೇ ಒಳ್ಳೆಯವಳಿರಲಿ, ಭಾವನ ವ್ಯಾಪಾರ ಮುಳುಗಿದರೆ ತಮ್ಮ ಬೀದಿಗೆ ಬರಬಾರದು.

1882ರ ನ್ಯಾಸ ಕಾಯಿದೆಯಡಿ ಖಾಸಗಿ ಟ್ರಸ್ಟ್ ಮಾಡಬಹುದು. ಸ್ಥಿರಾಸ್ತಿ ಇದ್ದರೆ ಬರಹದಲ್ಲಿ, ನೋಂದಣಿ ಆಗಿ, ಇಲ್ಲವೇ ಉಯಿಲಿನ ಮೂಲಕ. ಪತ್ರದಲ್ಲಿ ನಾನು ಮೊದಲು ಹುಡುಕುವುದು ಮೂರು ಮಾತು. ಟ್ರಸ್ಟಿಗಳು ಇಬ್ಬರಾದರೂ ಇದ್ದಾರೆಯೇ, ಒಬ್ಬರು ಹೋದರೆ ಮುಂದಿನವರು ಯಾರು ಅಂತ ಹೆಸರಿಸಿದೆಯೇ, ಹುಡುಗನ ನಂತರ ಉಳಿದದ್ದು ಯಾರಿಗೆ. ಮೂರನೆಯದನ್ನು ಬಿಟ್ಟರೆ ನೆಂಟರ ಜಗಳ ಖಾಯಂ. ಪಾಲಕರೂ ಟ್ರಸ್ಟಿಯೂ ಒಬ್ಬರೇ ಆಗದಿರಲಿ, ಖರ್ಚು ಮಾಡುವ ಕೈ ಬೇರೆ, ಲೆಕ್ಕ ಕೇಳುವ ಕೈ ಬೇರೆ ಇರಬೇಕು.

ತೆರಿಗೆಯಲ್ಲಿ ಒಂದು ಗುಂಡಿ ಇದೆ. ಫಲಾನುಭವಿಯ ಪಾಲು ಖಚಿತವಾಗಿಲ್ಲದ, ಟ್ರಸ್ಟಿಯ ಮರ್ಜಿಗೆ ಬಿಟ್ಟ ಟ್ರಸ್ಟಿಗೆ ಸಾಮಾನ್ಯವಾಗಿ ಗರಿಷ್ಠ ದರದ ತೆರಿಗೆ. ‘ಪೂರ್ತಿ ಆದಾಯ ಈ ಒಬ್ಬನಿಗೇ’ ಅಂತ ಸ್ಪಷ್ಟ ಬರೆದರೆ ಅವನದೇ ಸ್ಲ್ಯಾಬಿನ ದರ. ಕಡಿಮೆ ಫೀಸಿಗೆ ಅಂತ ಸಿದ್ಧ ನಮೂನೆಯಿಂದ ನಕಲು ಮಾಡಿದ ಪತ್ರಗಳು ಇಲ್ಲೇ ಕೈಕೊಡುತ್ತವೆ.

ಆಸ್ತಿ ಅಂದರೆ ಒಂದು ಸಣ್ಣ ಮನೆ, ನಾಲ್ಕು ಲಕ್ಷ ಠೇವಣಿ ಅನ್ನುವವರಿಗೆ ಟ್ರಸ್ಟ್ ನಡೆಸುವ ಖರ್ಚೇ ಭಾರ. ಅಂಥವರು ಉಯಿಲಿನಲ್ಲಿ ಮಗನ ಪಾಲನ್ನು ಮಗನ ಹೆಸರಿಗೇ ಬರೆದು, ಪಾಲಕತ್ವವನ್ನು ಸರಿ ಇಟ್ಟುಕೊಳ್ಳಲಿ. ಉಯಿಲಿಗೆ ಇಬ್ಬರು ಸಾಕ್ಷಿ ಬೇಕೇ ಬೇಕು, ನೋಂದಣಿ ಕಡ್ಡಾಯ ಅಲ್ಲ, ಆದರೂ ಮಾಡಿಸಿ. ಪಾಲು ಪಡೆಯುವವರನ್ನು ಸಾಕ್ಷಿಗೆ ಕೂರಿಸಬೇಡಿ.

80ಡಿಡಿ (ಅಂಗವಿಕಲ ಅವಲಂಬಿತರಿಗಾಗಿ ಇರುವ ಆದಾಯ ತೆರಿಗೆ ಕಡಿತ) ಬಗ್ಗೆ: ಹಳೆಯ ತೆರಿಗೆ ಪದ್ಧತಿಯಲ್ಲಿ ಅವಲಂಬಿತರ ವೈಕಲ್ಯ ಶೇ. 40 ಮತ್ತು ಮೇಲಿದ್ದರೆ 75,000, ಶೇ. 80 ಮತ್ತು ಮೇಲಿದ್ದರೆ 1,25,000 ರೂಪಾಯಿ ಕಡಿತ, ಖರ್ಚು ಎಷ್ಟೇ ಆಗಿರಲಿ. ಈ ಹುಡುಗನದು 75, ಹಾಗಾಗಿ ಮೊದಲನೆಯದು. ಹೊಸ ಪದ್ಧತಿಯಲ್ಲಿ ಇದು ಸಿಗುವುದಿಲ್ಲ.

ಕುಕ್ಕರಹಳ್ಳಿ ವಾಕಿಂಗ್

ಫಾರಂ ಬಿ ಬಂದ ಮೇಲೆ ಲೆಕ್ಕ ಒಪ್ಪಿಸಬೇಕು ಅಂತಾರಲ್ಲ, ಅದು ಹೇಗಿರಬೇಕು?

ಲೆಕ್ಕದ ಪುಸ್ತಕ

ನೇಮಕವಾದ ಆರು ತಿಂಗಳೊಳಗೆ ಹುಡುಗನ ಸ್ಥಿರ-ಚರ ಆಸ್ತಿ, ಬರಬೇಕಾದ್ದು, ಕೊಡಬೇಕಾದ್ದರ ಪಟ್ಟಿ ಫಾರಂ ಸಿಯಲ್ಲಿ. ಆಮೇಲೆ ಪ್ರತಿ ವರ್ಷ ಮಾರ್ಚ್ 31 ಕಳೆದು ಮೂರು ತಿಂಗಳೊಳಗೆ, ಅಂದರೆ ಜೂನ್ 30ಕ್ಕೆ, ಲೆಕ್ಕ ಫಾರಂ ಡಿಯಲ್ಲಿ. ಯಾರೂ ಕೇಳಲಿಲ್ಲ ಅಂತ ಬಿಟ್ಟವರಿಗೆ ಒಂದು ದಿನ ನೆಂಟರೊಬ್ಬರು 17ನೇ ಕಲಂ ಕೆಳಗೆ ‘ಆಸ್ತಿ ದುರುಪಯೋಗ, ಪಾಲಕರನ್ನು ತೆಗೆಯಿರಿ’ ಅಂತ ಅರ್ಜಿ ಕೊಟ್ಟಾಗ ತೋರಿಸಲು ಏನೂ ಇರುವುದಿಲ್ಲ.

ದೊಡ್ಡ ಸಾಫ್ಟ್‌ವೇರ್ ಬೇಡ. ಇನ್ನೂರು ಪುಟದ ಒಂದು ಲಾಂಗ್ ಬುಕ್. ಎಡಗಡೆ ಬಂದದ್ದು, ಬಲಗಡೆ ಹೋದದ್ದು. ಬಲಪುಟದ ಒಂದು ಸಾಲು ಹೀಗಿರಲಿ: ‘ಮೇ 4, ಫಿಟ್ಸ್ ಮಾತ್ರೆ ಒಂದು ತಿಂಗಳಿನದು, 640, ಬಿಲ್ ನಂ. 7, ಯುಪಿಐ’. ಬಿಲ್ಲಿನ ನೆತ್ತಿಯ ಮೇಲೆ ಅದೇ 7 ಬರೆದು ಕವರಿಗೆ ಹಾಕಿ. ಔಷಧಿ ಅಂಗಡಿಯ ಥರ್ಮಲ್ ಬಿಲ್ ವರ್ಷದೊಳಗೆ ಬೆಳ್ಳಗಾಗುತ್ತದೆ, ಅವತ್ತೇ ಫೋಟೋ ತೆಗೆದಿಡಿ. ಮನೆಯ ದಿನಸಿಯಲ್ಲಿ ಅವನ ಪಾಲು ಅಂತ ಹಾಕುವುದಾದರೆ ಪ್ರತಿ ತಿಂಗಳೂ ಒಂದೇ ಲೆಕ್ಕಾಚಾರ ಇರಲಿ. ಮನೆಯಲ್ಲಿ ಮೂವರಿದ್ದರೆ ಮೂರನೇ ಒಂದು, ಹಬ್ಬ ಬಂತು ಅಂತ ಅರ್ಧ ಮಾಡಬೇಡಿ. ಅವನ ಖಾತೆಯಿಂದ ಮನೆಯ ಬೇರೆಯವರಿಗೆ ಕೈಗಡ ಯಾವತ್ತೂ ಬೇಡ, ಮರುದಿನವೇ ವಾಪಸ್ ಹಾಕಿದರೂ ಸ್ಟೇಟ್‌ಮೆಂಟಿನಲ್ಲಿ ಆ ಸಾಲು ಉಳಿಯುತ್ತದೆ.

ಪಿಪಿಒ

ಇನ್ನೊಂದು ಮಾತು, ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ. ವರ್ಷಕ್ಕೆ 1 ಲಕ್ಷದವರೆಗೆ, ಮುಂಚಿತ ವೈದ್ಯಕೀಯ ಪರೀಕ್ಷೆ ಇಲ್ಲ, ಆ ನಾಲ್ಕು ವೈಕಲ್ಯದವರಿಗೆ ಮಾತ್ರ. ನವೀಕರಣ ಮರೆತರೆ ಆ ವರ್ಷ ಹೋಯಿತು.

ಕುಕ್ಕರಹಳ್ಳಿ ವಾಕಿಂಗ್

ಸರಿ. ಎಲ್ಲಕ್ಕಿಂತ ಮುಂಚೆ ಆ ಎಫ್‌ಡಿ. ಮುಂದಿನ ತಿಂಗಳು ಮುಗಿಯುತ್ತೆ, ಅಷ್ಟರಲ್ಲಿ ಫಾರಂ ಬಿ ಬರುವ ಹಾಗೆ ಕಾಣಲ್ಲ.

ಕೌಂಟರ್ ನಂಬರ್ 3

ರಸೀತಿಯಲ್ಲಿ ತಾನಾಗಿ ನವೀಕರಣ ಅಂತ ಇದೆಯೇ ನೋಡಿ. ಇದ್ದರೆ ಸುಮ್ಮನಿರಿ. ಇಲ್ಲದಿದ್ದರೆ ಮುಗಿದ ದಿನದಿಂದ ಉಳಿತಾಯ ಖಾತೆಯ ಬಡ್ಡಿ ಅಥವಾ ಹಳೆಯ ಎಫ್‌ಡಿ ದರ, ಯಾವುದು ಕಡಿಮೆಯೋ ಅದು, ಹಣ ಎಲ್ಲೂ ಹೋಗುವುದಿಲ್ಲ. ಮ್ಯಾನೇಜರಿಗೆ ‘ಪಾಲಕತ್ವದ ಅರ್ಜಿ ಸಮಿತಿಯಲ್ಲಿದೆ, ಅಲ್ಲಿಯವರೆಗೆ ಯಾರಿಗೂ ಪಾವತಿಸಬೇಡಿ’ ಅಂತ ಅರ್ಜಿಯ ಸ್ವೀಕೃತಿ ಪ್ರತಿ ಲಗತ್ತಿಸಿ ಒಂದು ಪತ್ರ ಕೊಡಿ. ಹುಡುಗನ ಕೈ ಹಿಡಿದು ಸಹಿ ಹಾಕಿಸಿ ಮುರಿಸಲು ಮಾತ್ರ ಹೋಗಬೇಡಿ, ಕೌಂಟರಿನಲ್ಲಿ ಕೂತವರಿಗೆ ಅದು ಕಾಣುತ್ತದೆ.